ಅತ್ತಿಗೆ ಎದ್ದು ನಡೆದದ್ದು

ಲಾಂಡ್ರಿ ಅಂಗಡಿಯ ಮೇಲಿನ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು, ಅತ್ತಿಗೆ ಮತ್ತು ನಾದಿನಿ. ಒಬ್ಬಳ ಗಂಡನೂ ಇನ್ನೊಬ್ಬಳ ಅಣ್ಣನೂ ಆಗಿದ್ದವನು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಂಗಡಿ ಉಳಿದಿತ್ತು. ಅತ್ತಿಗೆ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದಳು. ನಾದಿನಿ ಗಿರಾಕಿಗಳಿಂದ ಬಟ್ಟೆ ತೆಗೆದುಕೊಂಡು, ಗುರುತಿನ ಚೀಟಿ ಹಚ್ಚಿ, ಒಗೆಯುವ ಯಂತ್ರಕ್ಕೆ ಹಾಕುತ್ತಿದ್ದಳು. ಇಬ್ಬರೂ ಮಾತು ಬಿಟ್ಟಿದ್ದರು ಎಂದರೆ ಪೂರ್ತಿ ಸರಿಯಾಗದು. ಬಿಳಿ ಅಂಗಿ ನಾಳೆಗೆ ಬೇಕಂತೆ, ಹಾಲು ಮುಗಿದಿದೆ, ದೀಪ ಆರಿಸು, ಇಷ್ಟು ನಡೆಯುತ್ತಿತ್ತು. ಅದರಾಚೆಗೆ ಇಬ್ಬರ ಬಾಯಿಗೂ ಬೀಗ.

ಕಾರಣ ಹೊರಗಿನವರಿಗೆ ಸಣ್ಣದಾಗಿ ಕಾಣುವಂಥದ್ದು. ಅಣ್ಣ ಸತ್ತ ಕೆಲವು ತಿಂಗಳ ಮೇಲೆ ನಾದಿನಿ ಒಂದು ದಿನ ಕಪಾಟು ತೆರೆದಳು. ಅವನ ಬಟ್ಟೆ ಒಂದೂ ಇರಲಿಲ್ಲ. ಅವಳೇ ಹೆಣೆದುಕೊಟ್ಟಿದ್ದ ಸ್ವೆಟರ್ ಕೂಡ ಹೋಗಿತ್ತು. ಅತ್ತಿಗೆ ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದಳು. ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ ಎಂದಾಗ, ಇಟ್ಟುಕೊಂಡು ಮಾಡುವುದೇನಿತ್ತು ಎಂದಳು. ಅಲ್ಲಿಗೆ ನಿಂತ ಮಾತು ಮತ್ತೆ ಶುರುವಾಗಿರಲಿಲ್ಲ.

ಒಂದು ಬೆಳಿಗ್ಗೆ ಯಂತ್ರದ ಕೊಳವೆ ಸೋರಿ ನೆಲ ಒದ್ದೆಯಾಗಿತ್ತು. ಬಟ್ಟೆಯ ರಾಶಿ ಎದೆಗವಚಿಕೊಂಡು ಬರುತ್ತಿದ್ದ ಅತ್ತಿಗೆ ಜಾರಿ ಬಿದ್ದಳು. ತೊಡೆಯ ಮೂಳೆ ಸೊಂಟದ ಬುಡದಲ್ಲೇ ಮುರಿದಿತ್ತು. ಆಸ್ಪತ್ರೆಯಲ್ಲಿ ಒಳಗೆ ಸರಳು ಹಾಕಿ ಬಿಗಿದರು. ಮೂಳೆ ಗಟ್ಟಿಯಾಗಿ ಕೂತಿದೆ, ಕಾಲಿನ ಮೇಲೆ ಭಾರ ಹಾಕಬಹುದು ಎಂದು ಸರ್ಜನ್ ಹೇಳಿ ಕಳಿಸಿದರು. ಪಕ್ಕದ ಬೀಗದ ಅಂಗಡಿಯವನೂ ಅವನ ತಮ್ಮನೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕಡಿದಾದ ಮೆಟ್ಟಿಲು ಹತ್ತಿಸಿ, ಮಂಚದ ಮೇಲೆ ಇಳಿಸಿ ಹೋದರು.

ಆವತ್ತಿನಿಂದ ನಾದಿನಿ ಅತ್ತಿಗೆಯ ಕೈಕಾಲಾದಳು. ನೀರು ಕುಡಿಸಿದಳು, ತಲೆ ಬಾಚಿದಳು, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಪಕ್ಕದ ಕಮೋಡ್ ಕುರ್ಚಿಗೆ ದಾಟಿಸಿದಳು. ಕೆಲಸ ಮಾಡುವಾಗ ಬಾಯಿ ಸುಮ್ಮನಿರಲಾರದು. ನೋವಿದೆಯಾ, ದಿಂಬು ಎತ್ತರವಾಯಿತಾ ಎಂದು ಶುರುವಾದದ್ದು ಗಿರಾಕಿಗಳ ಸುದ್ದಿಗೆ ಬಂತು. ಬ್ಯಾಂಕಿನವರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ ಪ್ರೇಮಪತ್ರದ ತನಕ ಹೋಯಿತು. ಅತ್ತಿಗೆ ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತದೆ, ಸುಮ್ಮನಿರು ಎಂದು ನಾದಿನಿ ಗದರಿದಳು.

ಮನೆಗೇ ಬಂದು ವ್ಯಾಯಾಮ ಮಾಡಿಸಲು ಆಸ್ಪತ್ರೆಯವರು ಒಬ್ಬ ಫಿಸಿಯೋಥೆರಪಿಸ್ಟನ್ನು ಕಳಿಸಿದರು. ಗಿಡ್ಡ ಕೂದಲಿನ, ಮೆತ್ತಗೆ ಮಾತಾಡುವ ಹುಡುಗಿ. ಮೊದಲ ದಿನ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಹಿಡಿಯಲು ಹೇಳಿದಳು. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳಿದಳು. ಇಷ್ಟೇನಾ ಎಂದು ನಾದಿನಿ ಮುಖ ನೋಡಿದಳು. ಎಣ್ಣೆ ಹಾಕಿ ಗಸಗಸ ತಿಕ್ಕುವುದಿಲ್ಲವೇ ಎಂದೂ ಕೇಳಿದಳು.

ಹುಡುಗಿ ಬೇಸರಪಡದೆ ವಿವರಿಸಿದಳು. ಮೂಳೆ ಕೂಡಿಸುವುದು ಸರ್ಜನ್ ಕೆಲಸ, ಅದು ಮುಗಿದಿದೆ. ಆದರೆ ಮಲಗಿದ ತೊಡೆಯ ಸ್ನಾಯು ದಿನದಿನಕ್ಕೆ ಕರಗುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುವ ಹಾಗೆ. ಅದನ್ನು ಹೊರಗಿನಿಂದ ತಿಕ್ಕಿ ತುಂಬಲಾಗದು, ಅವರೇ ದುಡಿದು ತುಂಬಬೇಕು. ವ್ಯಾಯಾಮದ ಮೇಲೆ ಬರುವ ನೋವು ಮಾರನೇ ದಿನಕ್ಕೆ ಇಳಿದರೆ ಹೆದರಬೇಕಿಲ್ಲ. ಚುಚ್ಚಿದಂಥ ನೋವು ಬಂದರೆ, ಕಾಲು ಊದಿ ಕೆಂಪಾದರೆ ತಡಮಾಡದೆ ಫೋನ್ ಮಾಡಬೇಕು.

ಮೊದಮೊದಲು ಕೆಲಸ ಚೆನ್ನಾಗಿ ಸಾಗಿತು. ಅತ್ತಿಗೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಮಂಡಿ ಚಾಚಿದಳು. ವಾಕರ್ ಹಿಡಿದು ನಿಂತಳು, ಕಿಟಕಿಯ ತನಕ ಹೋಗಿ ಬಂದಳು. ಆಮೇಲೆ ಅದೇಕೋ ನಿಂತುಹೋಯಿತು. ನಿಲ್ಲಿಸಿದರೆ ಮಂಡಿ ಕುಸಿಯುತ್ತದೆ ಅನ್ನುವಳು. ಕಾಲು ನಡುಗುತ್ತದೆ, ನಾಳೆ ನೋಡೋಣ ಅನ್ನುವಳು.

ಹುಡುಗಿಗೆ ನಾದಿನಿಯ ಮೇಲೆ ಅನುಮಾನ ಬಂತು. ಅತ್ತಿಗೆ ಲೋಟದ ಕಡೆ ನೋಡಿದರೆ ಸಾಕು, ಲೋಟ ತುಟಿಗೆ ಬರುತ್ತಿತ್ತು. ಮೈ ಅಲ್ಲಾಡಿಸಿದರೆ ಸಾಕು, ಎರಡು ಕೈ ಕಂಕುಳಿಗೆ ಬರುತ್ತಿದ್ದವು.

"ಅಕ್ಕಾ, ನೀವು ತುಂಬಾ ಚೆನ್ನಾಗಿ ನೋಡ್ಕೋತಿದ್ದೀರಿ, ಅದೇ ತೊಂದ್ರೆ," ಎಂದಳು. "ಅವರ ಕಾಲಿನ ಕೆಲ್ಸಾನ ನಿಮ್ಮ ಸೊಂಟ ಮಾಡ್ತಿದೆ. ಸ್ವಲ್ಪ ಕೈ ಕಟ್ಕೊಂಡು ಕೂತ್ಕೊಳ್ಳಿ."

ನಾದಿನಿ ಕೂತಳು. ಕೈಗಳು ಮಾತು ಕೇಳದ್ದರಿಂದ ಅವನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಅತ್ತಿಗೆ ನೀರಿನ ಲೋಟ ನೋಡಿದಳು, ನಾದಿನಿಯನ್ನು ನೋಡಿದಳು, ಬಾಯಾರಿಕೆ ಇಲ್ಲ ಎಂದು ಗೋಡೆಯ ಕಡೆ ಹೊರಳಿದಳು. ಹೊರಳಿದ್ದು ಆಪರೇಷನ್ ಆದ ಕಾಲಿನ ಬಲದಿಂದ. ಹುಡುಗಿ ಅದನ್ನು ಗಮನಿಸಿದಳು.

ಮುಂದಿನ ಸಲ ಬಂದಾಗ ಕೆಳಗೆ ಗಿರಾಕಿಗಳಿದ್ದರು, ನಾದಿನಿ ಅಂಗಡಿಯಲ್ಲಿದ್ದಳು. ಹುಡುಗಿ ಮಲಗಿದಲ್ಲೇ ಕಾಲಿನ ಬಲ ಪರೀಕ್ಷಿಸಿದಳು. ತನ್ನ ಅಂಗೈಯನ್ನು ಒದೆಯಲು ಹೇಳಿದಳು, ಪಕ್ಕಕ್ಕೆ ತಳ್ಳಲು ಹೇಳಿದಳು. ಮಂಡಿ ಕುಸಿಯುವ ಕಾಲಲ್ಲ ಅದು.

"ಅಮ್ಮಾ, ನಿಮ್ಮ ಕಾಲಿಗೆ ನಡಿಯೋ ಶಕ್ತಿ ಬಂದಿದೆ. ಹೆದರಿಕೆನಾ?"

ಅತ್ತಿಗೆ ಹೊದಿಕೆಯ ಅಂಚನ್ನು ಮಡಿಚಿದಳು, ಬಿಚ್ಚಿದಳು. ಇಸ್ತ್ರಿ ಮಾಡುವವಳ ಮಡಿಕೆ, ನೇರವಾಗಿತ್ತು.

"ನಾನು ನಡೆದ್ರೆ ಅವಳು ಮತ್ತೆ ಕೆಳಗೇ ಇದ್ಬಿಡ್ತಾಳೆ," ಎಂದಳು. "ಅಲ್ಲಿ ಅವಳು ನನ್ನ ಜೊತೆ ಮಾತಾಡಲ್ಲ."

ಹುಡುಗಿ ಓದಿದ್ದರಲ್ಲಿ ಇದಕ್ಕೆ ಪಾಠ ಇರಲಿಲ್ಲ. ಇದಕ್ಕೆ ನನ್ನ ಹತ್ತಿರ ವ್ಯಾಯಾಮ ಇಲ್ಲ ಎಂದು ಒಪ್ಪಿಕೊಂಡಳು. ಇನ್ನು ಸ್ವಲ್ಪ ಕಾಲ ಹೀಗೇ ಮಲಗಿದರೆ, ನಾಳೆ ನಿಜವಾಗಿ ನಡೆಯಬೇಕೆಂದಾಗ ಕಾಲು ಕೇಳುವುದಿಲ್ಲ ಎಂದೂ ಹೇಳಿದಳು. ಕೆಳಗಿಳಿದಾಗ ನಾದಿನಿ ತಡೆದು, ಎಲ್ಲಿ ತಪ್ಪುತ್ತಿದೆ ಎಂದು ವಿಚಾರಿಸಿದಳು. ಹುಡುಗಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವಳಲ್ಲ. ಧೈರ್ಯ ಬರಬೇಕು ಎಂದಷ್ಟೇ ಹೇಳಿ ಹೋದಳು.

ಇತ್ತ ನಾದಿನಿಯ ಬೆನ್ನು ಕೆಲವು ದಿನಗಳಿಂದ ಹಿಡಿಯುತ್ತಿತ್ತು. ಅಂಗಡಿಯಲ್ಲಿ ಬಟ್ಟೆ ಗಂಟು, ಮನೆಯಲ್ಲಿ ಅತ್ತಿಗೆ, ಎರಡನ್ನೂ ಬಾಗಿ ಎತ್ತುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆಯನ್ನು ಎಬ್ಬಿಸಲು ಬಾಗಿದವಳು ಹಾಗೆಯೇ ನಿಂತಳು. ನೆಟ್ಟಗಾಗಲು ಆಗಲಿಲ್ಲ. ಮಂಚದ ಕಾಲು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಇಳಿದು, ಒಂದು ಪಕ್ಕಕ್ಕೆ ಮಲಗಿಬಿಟ್ಟಳು. ಮುಖ ಬಿಳಿಚಿಕೊಂಡಿತ್ತು.

ಅತ್ತಿಗೆ ಅವಳನ್ನು ಎರಡು ಸಲ ಕರೆದಳು. ಫೋನ್ ಆಚೆಯ ಕೋಣೆಯ ಮೇಜಿನ ಮೇಲಿತ್ತು. ಅವಳು ಕಾಲು ಇಳಿಬಿಟ್ಟಳು, ಮೈ ಮುಂದಕ್ಕೆ ಬಾಗಿಸಿದಳು, ಮಂಚಕ್ಕೆ ಕೈ ಊರಿ ಎದ್ದಳು. ವಾಕರ್ ಮುಂದಿಟ್ಟಳು, ನೋವಿನ ಕಾಲು ಇಟ್ಟಳು, ಒಳ್ಳೆಯ ಕಾಲು ತಂದಳು. ಹೇಳಿಕೊಟ್ಟದ್ದನ್ನು ಒಂದೂ ಮರೆತಿರಲಿಲ್ಲ. ಹೊಸಿಲಿನ ಹತ್ತಿರ ವಾಕರನ್ನು ಎತ್ತಿ ದಾಟಿಸಿದಳು. ಹುಡುಗಿಗೆ ಫೋನ್ ಮಾಡಿದಳು. ಬರುವಾಗ ದಿಂಬೊಂದನ್ನು ವಾಕರಿನ ಅಡ್ಡಪಟ್ಟಿಗೆ ಜೋತುಹಾಕಿ ತಂದಳು. ಬಗ್ಗಿ ಕೊಡಲಾಗದೆ ಕೆಳಗೆ ಬೀಳಿಸಿದಳು.

ನಾದಿನಿ ನೆಲದಿಂದ ಇದನ್ನೆಲ್ಲ ನೋಡುತ್ತಿದ್ದಳು.

"ನಡಿಯೋಕೆ ಬರುತ್ತೆ ನಿಂಗೆ," ಎಂದಳು.

"ಬರುತ್ತೆ."

"ಯಾವಾಗಿಂದ?"

ಅತ್ತಿಗೆ ಮಂಚದ ಅಂಚಿನಲ್ಲಿ ಕೂತಳು. ಸುಳ್ಳು ಹೇಳಲು ಜಾಗವಿರಲಿಲ್ಲ. ಸ್ವಲ್ಪ ದಿನವಾಯಿತು ಎಂದಳು. ಯಾಕೆ ಅಂತ ಕೇಳಬೇಡ, ಕೇಳಿದರೆ ಹೇಳಬೇಕಾಗುತ್ತದೆ ಎಂದಳು. ನಾದಿನಿ ಕೇಳಿದಳು. ಅತ್ತಿಗೆ ಹೇಳಿದಳು.

ನಾದಿನಿಗೆ ಮೊದಲು ಬಂದದ್ದು ಸಿಟ್ಟು. ಎದ್ದು ಹೋಗೋಣವೆಂದರೆ ಏಳುವ ಹಾಗಿಲ್ಲ, ಆ ಕಡೆ ಹೊರಳೋಣವೆಂದರೆ ಬೆನ್ನು ಬಿಡುವುದಿಲ್ಲ. ಇಷ್ಟು ವರ್ಷ ನೀನೇ ಮಾತಾಡಬಹುದಿತ್ತಲ್ಲ ಎಂದಳು. ಒಂದೇ ಒಂದು ಸ್ವೆಟರ್, ಅದನ್ನಾದರೂ ನನಗೆ ಬಿಡಬಹುದಿತ್ತಲ್ಲ ಎಂದಳು. ಹಾಗೆ ಹಳೆಯದು ಬಾಯಿಗೆ ಬಂತು.

ಅತ್ತಿಗೆ ವಾಕರನ್ನು ಪಕ್ಕಕ್ಕೆ ಸರಿಸಿದಳು.

"ಅವರು ಹೋದ ಮೇಲೂ ನಾನು ಅವರ ಅಂಗಿ ಇಸ್ತ್ರಿ ಮಾಡ್ತಿದ್ದೆ," ಎಂದಳು. "ಗಿರಾಕಿಗಳ ಬಟ್ಟೆ ಜೊತೆ. ಯಾರೂ ಹಾಕ್ಕೊಳ್ಳಲ್ಲ, ಸುಕ್ಕೂ ಇಲ್ಲ, ಆದ್ರೂ ಮಾಡ್ತಿದ್ದೆ. ಒಂದಿನ ಕಾಲರ್ ಸುಟ್ಟೋಯ್ತು. ಅವರು ಬಂದು ಬೈತಾರೆ ಅಂತ ಬಾಗಿಲು ನೋಡ್ದೆ. ಆವತ್ತೇ ಎಲ್ಲಾ ಕೊಟ್ಬಿಟ್ಟೆ. ಸ್ವೆಟರ್ ಅದರಲ್ಲಿತ್ತು ಅಂತ ಆಮೇಲೆ ಗೊತ್ತಾಯ್ತು. ಕೇಳ್ಕೊಂಡು ಹೋದೆ, ಸಿಗಲಿಲ್ಲ."

"ನನಗೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು."

ನಾದಿನಿ ದಿಂಬಿಗೆ ಮುಖ ಒತ್ತಿಕೊಂಡಳು. ಬೆನ್ನು ನೋವಿಗೆ ಅಳುತ್ತಿದ್ದಾಳೋ ಇದಕ್ಕೋ ಹೇಳುವುದು ಕಷ್ಟವಿತ್ತು.

ಹುಡುಗಿ ಬಂದಾಗ ಮಂಚದ ಮೇಲೊಬ್ಬರು, ನೆಲದ ಮೇಲೊಬ್ಬರು. ಅವಳು ನೆಲದ ಮೇಲಿನವಳ ಹತ್ತಿರ ಕೂತು, ಕಾಲಿಗೆ ಜೋಮು ಹಿಡಿದಿದೆಯೇ, ಪಾದ ಆಡುತ್ತದೆಯೇ, ಮೂತ್ರಕ್ಕೆ ತೊಂದರೆ ಇದೆಯೇ ಎಂದು ವಿಚಾರಿಸಿದಳು. ಯಾವುದೂ ಇರಲಿಲ್ಲ. ಸ್ನಾಯು ಹಿಡಿದುಕೊಂಡಿದೆ, ಇಳಿಯುತ್ತದೆ ಎಂದಳು. ಮಂಡಿ ಮಡಿಚಿ, ಒಂದು ಪಕ್ಕಕ್ಕೆ ಹೊರಳಿ, ಕೈ ಊರಿ ಏಳುವುದನ್ನು ಹೇಳಿಕೊಟ್ಟಳು. ನಾದಿನಿ ಇನ್ನು ನಾಲ್ಕು ದಿನ ಮಲಗಿರುತ್ತೇನೆ ಎಂದಾಗ ತಲೆಯಾಡಿಸಿದಳು.

"ಮಲಗಬೇಡಿ. ನಿಧಾನವಾಗಿ ಓಡಾಡಿ. ಭಾರ ಮಾತ್ರ ಎತ್ತಬೇಡಿ."

"ಇವಳಿಗೂ ನಡಿ, ನನಗೂ ನಡಿ. ನಿಮಗೆ ಬೇರೆ ಮಾತೇ ಗೊತ್ತಿಲ್ವಾ ಮೇಡಂ?"

ಹುಡುಗಿ ನಕ್ಕಳು. ಎತ್ತುವವರು ಯಾರೂ ಉಳಿದಿಲ್ಲ, ಇನ್ನು ಏಳುವುದೊಂದೇ ದಾರಿ ಎಂದಳು.

ಅಂಗಡಿ ಕೆಲವು ದಿನ ಮುಚ್ಚಿತ್ತು. ಬೀಗದ ಅಂಗಡಿಯವನು ಗಿರಾಕಿಗಳಿಗೆ ಅವರವರ ಬಟ್ಟೆ ಹುಡುಕಿಕೊಟ್ಟ, ಒಬ್ಬರ ಪರದೆ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡ. ಮೇಲೆ ಇಬ್ಬರೂ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅಡ್ಡಾಡಿದರು, ಒಬ್ಬಳು ವಾಕರ್ ಹಿಡಿದು, ಒಬ್ಬಳು ಸೊಂಟದ ಮೇಲೆ ಕೈ ಇಟ್ಟುಕೊಂಡು. ಮಾತೇನೂ ಪ್ರವಾಹವಾಗಿ ಹರಿಯಲಿಲ್ಲ. ಸ್ವೆಟರಿನ ವಿಷಯಕ್ಕೆ ನಾದಿನಿ ಇನ್ನೆರಡು ಸಲ ಮುನಿಸಿಕೊಂಡಳು. ಒಂದು ದಿನವಂತೂ ಬೆಳಗಿನಿಂದ ಸಂಜೆಯ ತನಕ ಬಾಯಿ ತೆರೆಯಲಿಲ್ಲ. ಅತ್ತಿಗೆ ಆಗ ಹಾಸಿಗೆ ಹಿಡಿಯಲಿಲ್ಲ. ವಾಕರ್ ತಳ್ಳಿಕೊಂಡು ಅಡುಗೆಮನೆಗೆ ಹೋಗಿ ಟೀ ಮಾಡಿದಳು, ಬಂದು ತಗೋ ಎಂದಳು. ಟೀಯಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ನಾದಿನಿ ಹೇಳಲೇಬೇಕಾಯಿತು.

ಮೆಟ್ಟಿಲು ಕೊನೆಯ ಪಾಠವಾಗಿತ್ತು. ಅಷ್ಟರಲ್ಲಿ ಅತ್ತಿಗೆ ವಾಕರ್ ಬಿಟ್ಟು ಕೋಲಿಗೆ ಬಂದಿದ್ದಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹುಡುಗಿ ಹೇಳಿಕೊಟ್ಟಳು. ಅತ್ತಿಗೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕೋಲು ಹಿಡಿದು ಇಳಿದಳು. ಮಧ್ಯದಲ್ಲಿ ನಿಂತು ಬೆವರು ಒರೆಸಿಕೊಂಡಳು. ಕೆಳಗೆ ನಿಂತಿದ್ದ ನಾದಿನಿಯ ಕೈ ಎರಡು ಸಲ ಮುಂದೆ ಬಂತು, ಎರಡು ಸಲವೂ ಹಿಂದೆ ಹೋಯಿತು.

ಸ್ವಲ್ಪ ಕುಂಟು ಉಳಿಯಿತು. ಪೂರ್ತಿ ಹೋಗಲಿಕ್ಕಿಲ್ಲ ಎಂದು ಹುಡುಗಿ ಮೊದಲೇ ಹೇಳಿದ್ದಳು. ಇಸ್ತ್ರಿ ಮೇಜಿಗೆ ಎತ್ತರದ ಸ್ಟೂಲ್ ಬಂತು. ಸ್ವಲ್ಪ ಹೊತ್ತು ಕೂತು, ಸ್ವಲ್ಪ ಹೊತ್ತು ನಿಂತು ಅತ್ತಿಗೆ ಕೆಲಸ ಮಾಡತೊಡಗಿದಳು. ನಾದಿನಿ ಗಂಟನ್ನು ಎರಡಾಗಿ ಒಡೆದು, ಮಂಡಿ ಬಗ್ಗಿಸಿ, ಮೈಗೆ ಅವಚಿಕೊಂಡು ಎತ್ತುವುದನ್ನು ಕಲಿತಳು.

ಕೊನೆಯ ಸಲ ಹುಡುಗಿ ಅಂಗಡಿಗೇ ಬಂದಳು. ಇನ್ನು ನಾನು ಬರುವ ಅಗತ್ಯವಿಲ್ಲ, ವ್ಯಾಯಾಮ ಬಿಡಬೇಡಿ ಎಂದಳು. ಇಬ್ಬರಿಗೂ ಅವಳನ್ನು ಬೀಳ್ಕೊಡಲು ಪುರಸೊತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆ ಹೊದಿಕೆಗಳ ದೊಡ್ಡ ರಾಶಿ ಬಂದಿತ್ತು. ಒಂದು ತುದಿ ಅತ್ತಿಗೆ, ಇನ್ನೊಂದು ತುದಿ ನಾದಿನಿ ಹಿಡಿದು ಮಡಿಚುತ್ತ, ಬೀಗದ ಅಂಗಡಿಯವನ ತಮ್ಮನಿಗೆ ಹೆಣ್ಣು ಸಿಗದಿರುವುದಕ್ಕೆ ಅವನ ಮೀಸೆ ಕಾರಣವೋ ನಾಲಗೆ ಕಾರಣವೋ ಎಂದು ವಾದ ಮಾಡುತ್ತಿದ್ದರು. ಹುಡುಗಿ ಸ್ವಲ್ಪ ಹೊತ್ತು ನಿಂತು ಕೇಳಿದಳು. ಮುಂದಿನ ಬೀದಿಯಲ್ಲಿ ಭುಜ ಹಿಡಿದುಕೊಂಡಿರುವ ಮೇಷ್ಟರೊಬ್ಬರು ಕಾಯುತ್ತಿದ್ದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.