ಆರು ಎಲ್ಲಿಂದ ಬಂತು?

ಏಳನೇ ತರಗತಿಗೆ ಗಣಿತ ಹೇಳಿಕೊಡುವ ಟೀಚರಿಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ಎಕ್ಸ್‌ಪ್ರೆಸ್. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ. ಬೋರ್ಡಿನ ಈ ತುದಿಯಲ್ಲಿ ಚಾಕ್‌ಪೀಸ್ ಊರಿದರೆ ಆ ತುದಿ ಮುಟ್ಟುವಷ್ಟರಲ್ಲಿ ಲೆಕ್ಕ ಮುಗಿದಿರುತ್ತಿತ್ತು. ಚುರುಕು ಮಕ್ಕಳಿಗೆ ಖುಷಿಯೋ ಖುಷಿ. ಹಿಂದಿನ ಬೆಂಚಿನವರಿಗೆ ಮಾತ್ರ ಭಿನ್ನರಾಶಿ ಕಬ್ಬಿಣದ ಕಡಲೆಯಾಗಿಯೇ ಉಳಿದಿತ್ತು. ಈ ಸಲದ ಪರೀಕ್ಷೆಯಲ್ಲಂತೂ ಆ ಬೆಂಚುಗಳಿಗೆ ಬೆಂಚುಗಳೇ ಮಗುಚಿಬಿದ್ದಿದ್ದವು.

ಕೈಚೆಲ್ಲಿ ಕೂರುವ ಜಾಯಮಾನ ಅವಳದಲ್ಲ. ನೇರ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಮಕ್ಕಳಿಗೆ ಆನ್‌ಲೈನ್ ಪಾಠ ತೋರಿಸಬೇಕೆಂದು ಕಂಪ್ಯೂಟರ್ ರೂಮಿನ ಬೀಗದ ಕೈ ಕೇಳಿದಳು.

“ಆನ್‌ಲೈನಲ್ಲಿ ಮಕ್ಕಳು ಕಲಿಯೋದು ಆಟ ಒಂದೇ ಮೇಡಂ,” ಅಂದರು ಅವರು.

“ಆಟದಲ್ಲೇ ಕಲೀಲಿ ಬಿಡಿ ಸರ್. ಕಲಿತರೆ ಸಾಕಲ್ವಾ?”

ಮೊದಲು ಸಿಕ್ಕಿದ್ದು ಕರಡಿಯ ಆಟ. ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದನ್ನು ಒತ್ತಿದರೆ ಕರಡಿ ಕುಣಿಯುತ್ತದೆ. ಕೊನೇ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನವರೆಲ್ಲ ಕೀಬೋರ್ಡಿಗೆ ಮುತ್ತಿಕೊಂಡರು. ಎಲ್ಲರ ಪರದೆಯ ಮೇಲೂ ಕರಡಿ ಕುಣಿದದ್ದೇ ಕುಣಿದದ್ದು. ಟೀಚರ್ ಗೆದ್ದೆನೆಂದುಕೊಂಡಳು. ಮರುದಿನ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಕರೆದರೆ ಒಬ್ಬರ ಕೈಯೂ ಮೇಲೇಳಲಿಲ್ಲ.

ಮನೆಗೆ ಬಂದವಳೇ ಆ ಆಟವನ್ನು ಅತ್ತೆಯ ಮುಂದಿಟ್ಟಳು. ಅತ್ತೆ ಕನ್ನಡಕ ಏರಿಸಿ ಕೂತು, ಪ್ರಶ್ನೆಯ ಕಡೆ ಕಣ್ಣೂ ಹಾಯಿಸದೆ ಪಟಪಟ ಒತ್ತಿದರು. ಕರಡಿ ಕುಣಿಯಿತು.

“ಓದಲೇ ಇಲ್ವಲ್ಲ ಅತ್ತೆ?”

“ಯಾಕೆ ಓದಬೇಕು? ನಾಲ್ಕನ್ನೂ ಒತ್ತುತ್ತಾ ಹೋದ್ರೆ ಯಾವುದಾದ್ರೂ ಒಂದಕ್ಕೆ ಕುಣಿಯಲೇಬೇಕಲ್ಲ ಅದು! ಪಾಪ, ಕರಡಿಗೆ ಮೊಣಕಾಲು ನೋವು ಬರುತ್ತೆ ಕಣೇ.”

ಸೊಸೆಗೆ ನಗು ತಡೆಯಲಾಗಲಿಲ್ಲ. ಕರಡಿಗೆ ಅಲ್ಲಿಗೇ ರಜೆ ಕೊಟ್ಟಳು.

ಆಮೇಲೆ ಹುಡುಕಾಟ ಇನ್ನೂ ಜೋರಾಯಿತು. ಒಂದು ಜಾಲತಾಣ ಚೆನ್ನಾಗಿತ್ತು, ಆದರೆ ಪಾಠ ಹೇಳುವವನ ಉಚ್ಚಾರಣೆ ಅವಳಿಗೇ ಅರ್ಥವಾಗಲಿಲ್ಲ. ಇನ್ನೊಂದು ಹೆಜ್ಜೆಗೊಂದು ಜಾಹೀರಾತು ತೂರಿಸುತ್ತಿತ್ತು. ಕೊನೆಗೆ ಅವಳ ಮನಸ್ಸಿಗೆ ಹಿಡಿಸಿದ್ದು ಪಾಠವನ್ನು ತಾನೇ ರೆಕಾರ್ಡ್ ಮಾಡಿ ಹಾಕಬಹುದಾದ ತಾಣ. ಊಟದ ಮೇಜಿನ ಮೇಲೆ ಡಬ್ಬಗಳನ್ನು ಪೇರಿಸಿ, ಅವುಗಳ ಮೇಲೆ ಫೋನ್ ಇಟ್ಟು, ಕೆಳಗೆ ಬಿಳಿ ಹಾಳೆ ಹಾಸಿ ಶುರು ಮಾಡಿದಳು. ಅರ್ಧಕ್ಕೆ ಮೂರರಲ್ಲೊಂದು ಭಾಗ ಕೂಡಿಸುವ ಲೆಕ್ಕ. ಒಂದೇ ಉಸಿರಿಗೆ ಮುಗಿಯಿತು.

ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ನೋಡಿದರು. ಗದ್ದಲವಿಲ್ಲ, ಕುಣಿತವಿಲ್ಲ. ಅವರು ಹೋದ ಮೇಲೆ ಟೀಚರ್ ತನ್ನ ಪುಟ ತೆರೆದಳು. ವಿಡಿಯೋ ಕೆಳಗೆ ಒಂದು ಗೆರೆ ಇತ್ತು: ನೋಡುವವರು ಯಾವ ಜಾಗವನ್ನು ಮತ್ತೆ ಮತ್ತೆ ನೋಡಿದರೆಂದು ತೋರಿಸುವ ಗೆರೆ. ಉದ್ದಕ್ಕೂ ಚಪ್ಪಟೆಯಾಗಿದ್ದ ಅದು ನಡುವೆ ಒಂದು ಕಡೆ ಒಂಟೆಯ ಬೆನ್ನಿನ ಹಾಗೆ ಎದ್ದಿತ್ತು. ಎಲ್ಲರೂ ಹಿಂದಕ್ಕೆ ಹೋಗಿದ್ದು ಅದೊಂದೇ ಜಾಗಕ್ಕೆ.

ಆ ಜಾಗಕ್ಕೇ ಹೋಗಿ ಕೇಳಿಸಿಕೊಂಡಳು. ಅವಳದೇ ದನಿ: “ಛೇದ ಸಮ ಮಾಡಿದ್ರೆ ಆರು, ಮೂರು ಪ್ಲಸ್ ಎರಡು, ಆರರಲ್ಲಿ ಐದು, ಮುಂದೆ!”

ಇದರಲ್ಲಿ ತೊಡಕೇನಿದೆ ಎಂದು ತಲೆ ಕೆರೆದುಕೊಂಡಳು. ಮಾರನೇ ದಿನ ಗುಬ್ಬಿಯನ್ನು ಕರೆದಳು. ಗುಬ್ಬಿಯೆಂದರೆ ಕೊನೇ ಬೆಂಚಿನ ಹುಡುಗಿ. ಹಾಜರಿ ಕರೆದಾಗ ಬಿಟ್ಟರೆ ಬಾಯಿ ತೆರೆದವಳಲ್ಲ.

“ಇಲ್ಲಿ ಯಾಕಮ್ಮ ಎಲ್ಲರೂ ನಿಂತುಬಿಟ್ರಿ?”

ಗುಬ್ಬಿ ನೆಲ ನೋಡಿದಳು. ಟೀಚರ್ ಕಾದಳು, ಅವಳ ಮಟ್ಟಿಗೆ ಅದು ದೊಡ್ಡ ತಪಸ್ಸು.

“ಮಿಸ್... ಅಲ್ಲಿ ಆರು ಎಲ್ಲಿಂದ ಬಂತು?”

“ಇಷ್ಟು ದಿನ ಕೇಳಲೇ ಇಲ್ವಲ್ಲೇ!”

“ಕೇಳೋ ಹೊತ್ತಿಗೆ ನೀವು ಮುಂದಿನ ಲೆಕ್ಕದಲ್ಲಿ ಇರ್ತೀರಿ ಮಿಸ್. ವಿಡಿಯೋನಲ್ಲಾದ್ರೆ ನಿಮ್ಮನ್ನ ನಿಲ್ಲಿಸಬಹುದು.”

ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಯಿಲೆ ಎಲ್ಲಿದೆಯೆಂದು ಗೊತ್ತಾದ ಮೇಲೆ ಇನ್ನೇನು?

ಅಂದೇ ಸಂಜೆ ಬಣ್ಣದ ಕಾಗದದ ಪಟ್ಟಿಗಳನ್ನು ಕತ್ತರಿಸಿ ಹೊಸದಾಗಿ ರೆಕಾರ್ಡ್ ಮಾಡಿದಳು. ಅರ್ಧದ ಪಟ್ಟಿಯ ಕೆಳಗೆ ಮೂರರಲ್ಲೊಂದರ ಪಟ್ಟಿ ಇಟ್ಟಳು. ಎರಡನ್ನೂ ಒಂದೇ ಅಳತೆಯ ತುಂಡು ಮಾಡುವುದು ಹೇಗೆ? ಅತ್ತೆಯನ್ನು ಎದುರಿಗೆ ಕೂರಿಸಿಕೊಂಡಿದ್ದಳು. ಪಾಠ ಓಡಿದರೆ ಕೆಮ್ಮಬೇಕು ಎಂದು ಒಪ್ಪಂದ. ಅತ್ತೆ ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿಕೊಂಡರು. ಕೊನೆಗೆ ಅರ್ಧದಲ್ಲಿ ಮೂರು ತುಂಡು, ಇನ್ನೊಂದರಲ್ಲಿ ಎರಡು, ಇಡೀ ಪಟ್ಟಿಯಲ್ಲಿ ಅಂಥ ಆರು ತುಂಡು ಎಂದು ಬಿಡಿಸಿಟ್ಟಾಗ, “ಓ, ಆರು ಇಲ್ಲಿಂದ ಬಂತಾ!” ಎಂದು ಅತ್ತೆಯೇ ಉದ್ಗರಿಸಿದರು. ಆ ಮಾತೂ ರೆಕಾರ್ಡ್ ಆಯಿತು. ಅಳಿಸಲಿಲ್ಲ.

ಹೊಸ ವಿಡಿಯೋದ ಗೆರೆಯಲ್ಲಿ ಒಂಟೆ ಇರಲಿಲ್ಲ. ಅತ್ತೆಯ ದನಿ ಬಂದ ಕಡೆ ಮಾತ್ರ ಒಂದು ಪುಟ್ಟ ಏರು: ಮಕ್ಕಳು ನಗಲು ಹಿಂದಕ್ಕೆ ಹೋಗಿದ್ದರು.

ಆ ವಾರವೇ ತರಗತಿಯಲ್ಲಿ ಕಳೆಯುವ ಲೆಕ್ಕ ಶುರುವಾಯಿತು. ಪಾಠ ನೋಡಲು ಬಂದ ಹೆಡ್‌ಮಾಸ್ಟರ್ ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಟೀಚರ್ ಚಾಕ್‌ಪೀಸ್ ಹಿಡಿದವಳೇ ಹಳೇ ಅಭ್ಯಾಸದಂತೆ ಓಟ ಕಿತ್ತಳು. ಬೋರ್ಡಿನ ನಡುವೆ ಬರುವಷ್ಟರಲ್ಲಿ ಹಿಂದಿನಿಂದ ಸಣ್ಣ ದನಿ ಬಂತು.

“ಮಿಸ್, ಸ್ವಲ್ಪ ನಿಲ್ಲಿ. ಹಿಂದಕ್ಕೆ ಹೋಗಿ.”

ಹೆಡ್‌ಮಾಸ್ಟರ್ ಹುಬ್ಬು ಮೇಲೇರಿತು. ಕೈ ಎತ್ತಿ ನಿಂತಿದ್ದವಳು ಗುಬ್ಬಿ. ಟೀಚರ್ ನಕ್ಕು, ಕೊನೇ ಸಾಲು ಒರೆಸಿ, ನಿಧಾನವಾಗಿ ಬಿಡಿಸಿ ಬರೆದಳು. “ಈಗ?”

“ಈಗ ಗೊತ್ತಾಯ್ತು. ಮುಂದೆ ನಾನೇ ಬರೀಲಾ?”

ಚಾಕ್‌ಪೀಸ್ ಕೈ ಬದಲಾಯಿಸಿತು. ಗುಬ್ಬಿ ಲೆಕ್ಕ ಮುಗಿಸಿ ಯಾಕೆ ಹಾಗಾಯಿತೆಂದೂ ಹೇಳಿದಳು. ಹೊರಡುವಾಗ ಹೆಡ್‌ಮಾಸ್ಟರ್, “ಆ ಬೀಗದ ಕೈ ನಿಮ್ಮ ಹತ್ತಿರಾನೇ ಇರಲಿ ಮೇಡಂ,” ಅಂದರು.

ಮುಂದಿನ ಪರೀಕ್ಷೆಯಲ್ಲಿ ಹಿಂದಿನ ಬೆಂಚುಗಳು ಸೊಂಟ ನೆಟ್ಟಗೆ ಮಾಡಿಕೊಂಡವು. ಇಬ್ಬರು ಮಾತ್ರ ಇನ್ನೂ ಎಡವಿದ್ದರು. ಅವರಿಗೆ ಲೆಕ್ಕಕ್ಕಿಂತ ಪ್ರಶ್ನೆ ಓದುವುದೇ ಕಷ್ಟವೆಂದು ಟೀಚರ್ ಪಕ್ಕದಲ್ಲಿ ಕೂತು ಕಂಡುಕೊಂಡಳು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳುವ ತಾಣವೊಂದಿದೆಯಂತೆ. ಬೆಳಿಗ್ಗೆ ಬೇಗನೆ ಬಂದು ಕಂಪ್ಯೂಟರ್ ರೂಮಿನ ಕಿಟಕಿಗಳನ್ನೆಲ್ಲ ತೆರೆದು, ಆ ಇಬ್ಬರಿಗೂ ತನ್ನ ಎಡಬಲದಲ್ಲಿ ಕುರ್ಚಿ ಎಳೆದು ಹಾಕಿದಳು.