ಮದ್ದು ಕೊಟ್ಟದ್ದು ಯಾರು?

ಮಧುಕುಮಾರನಿಗೆ ಮದ್ದಿಕ್ಕಿದ್ದಾರೆ ಅಂತ ಮೊದಲು ಅಂದವರು ಯಾರೋ, ಆ ಬಾಯಿಗೆ ಮಣ್ಣು ಬೀಳಲಿ. ಮಾಗಡಿ ಸೀಮೆಯಲ್ಲಿ ಉಂಡದ್ದು ಮೈಗೆ ಹತ್ತದೆ ಒಬ್ಬ ಸೊರಗಿದನೆಂದರೆ, ಅನ್ನದಲ್ಲಿ ಯಾರೋ ವಿಷದ ಮದ್ದು ಬೆರೆಸಿದ್ದಾರೆ ಎನ್ನುವುದು ಹಳೇ ಮಾತು. ಅವನಿಗೆ ಅನ್ನ ಇಕ್ಕುತ್ತಿದ್ದವಳು ಅತ್ತಿಗೆ ಮಾರಕ್ಕ. ಇನ್ನು ಹೆಸರು ಬೇರೆ ಹೇಳಬೇಕೆ?

ಮಧು ಬಿಡದಿಯ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಬೀಡಿ ಸೇದಿದವನಲ್ಲ, ಹೆಂಡ ಮುಟ್ಟಿದವನಲ್ಲ. ಆದರೂ ಉಂಡು ಎದ್ದರೆ ಸಾಕು, ಹೊಟ್ಟೆಯ ನೋವು ಬೆನ್ನಿಗೆ ಇರಿಯುತ್ತಿತ್ತು. ಮೊಣಕಾಲು ತಬ್ಬಿ ಮುಂದಕ್ಕೆ ಬಾಗಿ ಕೂತರೆ ಒಸಿ ಸಮಾಧಾನ. ಅವನವ್ವ ಚಿನ್ನಮ್ಮ ಮದ್ದು ತೆಗೆಯುವವನೊಬ್ಬನ ಹತ್ತಿರ ಕರೆದೊಯ್ದಳು. ಆ ಪುಣ್ಯಾತ್ಮ ಕಷಾಯ ಕುಡಿಸಿ, ವಾಂತಿ ಮಾಡಿಸಿ, ಅದರಲ್ಲೊಂದು ಕರೀ ಉಂಡೆ ತೋರಿಸಿದ. ಅವತ್ತಿಂದ ಮಧು ಅತ್ತಿಗೆಯ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಊಟವೆಲ್ಲ ಕಂಪನಿ ಕ್ಯಾಂಟೀನಿನಲ್ಲೇ. ನೋವೇನೂ ಕ್ಯಾಂಟೀನಿಗೆ ಹೆದರಲಿಲ್ಲ. ಎಂಟು ತಿಂಗಳಲ್ಲಿ ಮೂಳೆ ಚಕ್ಕಳವಾದ.

ಮಾರಕ್ಕನ ಗಂಡ ಲೋಕೇಶ್, "ಅವ್ವ ಏನೋ ಅಂತಾಳೆ, ಬುಡು," ಅಂದು ಕೈ ತೊಳೆದುಕೊಂಡ. ಬಿಡುವುದೆಲ್ಲಿ? ಮೈದುನ ಸತ್ತರೆ, ತಾನು ಸಾಯುವ ತನಕ ಊರಿನ ಬಾಯಲ್ಲಿ ಕೊಲೆಗಾತಿ ಎಂಬುದು ಅವಳಿಗೆ ಖಾತ್ರಿಯಿತ್ತು.

ಕೊನೆಗೆ ಕಂಪನಿಯವರೇ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಆಯಿತು. ವರದಿ ಕೇಳುವ ದಿನ ಲೋಕೇಶನಿಗೆ ರಜೆ ಸಿಗದೆ, ಚೀಟಿ ಓದಬಲ್ಲವಳೆಂದು ಮಾರಕ್ಕನೇ ಹೊರಟಳು. ಬಸ್ಸಿನಲ್ಲಿ ಚಿನ್ನಮ್ಮ ಮಗನನ್ನು ಕಿಟಕಿಗೆ ಕೂರಿಸಿ, ನಡುವೆ ತಾನು ಕೂತಳು.

ಡಾಕ್ಟರಮ್ಮ ಮಂಗಳೂರು ಕಡೆಯವರು. ಅವರು ಬಾಯಿ ತೆರೆಯುವ ಮೊದಲೇ ಚಿನ್ನಮ್ಮ, "ನನ್ ಮಗುಂಗೆ ಮದ್ದಿಕ್ಕವ್ರೆ ತಾಯಿ," ಅಂದಳು.

"ಮದ್ದು ಶುರು ಮಾಡಿದ್ದೀರಾ? ಒಳ್ಳೇದಾಯ್ತು. ಕೊಟ್ಟದ್ದು ಯಾರು?"

ಚಿನ್ನಮ್ಮ ಸೊಸೆಯ ಕಡೆ ಗದ್ದ ಎತ್ತಿದಳು. ಡಾಕ್ಟರಮ್ಮ ಮಾರಕ್ಕನ ಕಡೆ ತಿರುಗಿ, "ಯಾವ ಮದ್ದಮ್ಮ? ದಿನಕ್ಕೆ ಎಷ್ಟು ಸಲ? ಚೀಟಿ ಉಂಟಾ?" ಎಂದರು.

ಮಾರಕ್ಕನಿಗೆ ನಗು ಬಂತು, ಅಳುವೂ ಬಂತು. ಎಂಟು ತಿಂಗಳು ಯಾರೂ ಎದುರಿಗೆ ಆಡದ ಮಾತನ್ನು ಅವಳೇ ಆಡಬೇಕಾಯಿತು. "ಆ ಮದ್ದಲ್ಲ ಡಾಕ್ಟ್ರೇ. ನಾನು ಇವ್ರಿಗೆ ವಿಸ ಇಕ್ಕಿವ್ನಿ ಅಂತ ಹೇಳ್ತಾವ್ರೆ."

ಡಾಕ್ಟರಮ್ಮ ಸ್ಕ್ಯಾನ್ ಹಾಳೆಯನ್ನು ಬೆಳಕಿಗೆ ಹಿಡಿದರು.

"ಇಲ್ಲಿ ನೋಡಿ. ಹೊಟ್ಟೆಯ ಹಿಂದೆ ಮೇದೋಜೀರಕ ಅಂತ ಗ್ರಂಥಿ ಉಂಟು. ಉಂಡದ್ದು ಅರಗುವ ರಸ ಅದರದ್ದು. ಇವರದ್ದು ಉರಿಯೂತ ಆಗಿ ಆಗಿ ಕೆಟ್ಟಿದೆ. ರಸ ಇಳಿಯುವ ದಾರಿಯಲ್ಲಿ ಕಲ್ಲು ಕೂತಿದೆ, ಈ ಬಿಳಿ ಬಿಳಿ ಕಾಣ್ತದಲ್ಲ, ಅದು. ರಸ ಬಾರದೆ ಅನ್ನ ಮೈಗೆ ಹತ್ತುವುದಿಲ್ಲ."

"ನಾನು ಕುಡಿಯಕಿಲ್ವಲ್ಲ ಮೇಡಂ," ಎಂದ ಮಧು.

"ಕುಡಿಯದವರಿಗೂ ಬರ್ತದೆ. ಕೆಲವರಿಗೆ ಯಾಕೆ ಬಂತು ಅಂತ ನಮಗೂ ಗೊತ್ತಾಗುವುದಿಲ್ಲ. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಪೂರ್ತಿ ವಾಸಿ ಆಗ್ತದೆ ಅಂತ ಹೇಳುವುದಿಲ್ಲ. ಆದರೆ ಕಲ್ಲು ತೆಗೆಯಬಹುದು, ನೋವು ಕಡಿಮೆ ಆಗ್ತದೆ. ಊಟದ ಜೊತೆಗೇ ಈ ಮಾತ್ರೆ ನುಂಗಬೇಕು, ಇಲ್ಲದ ರಸದ ಕೆಲಸ ಅದು ಮಾಡ್ತದೆ."

"ಈ ಕಲ್ಲು ಬೆಳ್ಯಕೆ ಎಷ್ಟು ದಿನ ಬೇಕು?" ಮಾರಕ್ಕ ಕೇಳಿದಳು.

"ದಿನ ಅಲ್ಲಮ್ಮ. ಇಷ್ಟಾಗಲಿಕ್ಕೆ ಐದಾರು ವರ್ಷವಾದರೂ ಬೇಕು."

"ನಾನು ಆ ಮನೆಗೆ ಬಂದು ಮೂರು ವರ್ಸ," ಎಂದಳು ಮಾರಕ್ಕ. ಚಿನ್ನಮ್ಮ ತಲೆ ತಗ್ಗಿಸಿದಳು.

ಹೊರಗೆ ಕಲ್ಲುಬೆಂಚಿನ ಮೇಲೆ ಮೂವರೂ ಕೂತರು. ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದ ಹಾಗಾಗಿತ್ತು ಮಾರಕ್ಕನಿಗೆ.

ಮಧು ಮಾತ್ರೆಯ ಡಬ್ಬಿ ಬಿಚ್ಚಿದ. "ಅತ್ಗೆ, ಉಣ್ಣಕೆ ಏನ್ ತಂದಿದ್ದೀಯ?"

ತನಗೊಬ್ಬಳಿಗೆಂದು ಕಟ್ಟಿದ್ದ ರಾಗಿರೊಟ್ಟಿಯ ಗಂಟು ಬಿಚ್ಚಿ, ಅವಳು ಅಂಚಿನ ಚೂರು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಎಂಟು ತಿಂಗಳ ಅಭ್ಯಾಸ. ಯಾರಿಗೆ ಬಡಿಸುವ ಮೊದಲೂ ಅವರ ಕಣ್ಣೆದುರಿಗೆ ತಾನು ತಿಂದು ತೋರಿಸುತ್ತಿದ್ದಳು.

"ಯಾಕತ್ಗೆ ನೀನ್ ಮೊದ್ಲು ತಿಂತೀಯ?" ಎಂದ ಮಧು.

ಅವಳು ಚೂರನ್ನು ನುಂಗಿ, ಉಳಿದ ರೊಟ್ಟಿಯನ್ನು ಅವನ ಮುಂದೆ ಹಿಡಿದಳು. ಅವನಿಗೆ ಅರ್ಥವಾಯಿತು, ಮುಖ ಸಣ್ಣದಾಯಿತು. ಚಿನ್ನಮ್ಮ ರೊಟ್ಟಿಯನ್ನು ಸೊಸೆಯ ಕೈಯಿಂದ ತೆಗೆದು, ಮಗನ ಕೈಗಿಟ್ಟು, ಆಮೇಲೆ ತನ್ನ ಅಂಗೈಯನ್ನೂ ಮಾರಕ್ಕನ ಮುಂದೆ ಚಾಚಿದಳು.

"ನಂಗೂ ಒಂದ್ ಚೂರು ಇಕ್ಕವ್ವ," ಅಂದಳು.