ಡೋಲು ಬಡಿಯುವ ಬೀಗ

ಹಮೂದ್ ಸನಾ ನಗರದಲ್ಲಿ ಹಲ್ಲಿನ ಡಾಕ್ಟರು. ಊರಿನಲ್ಲಿ ಮಾತ್ರ ಮುಝಯ್ಯಿನ್ ಮುಥನ್ನಾನ ಮಗ. ಮುಝಯ್ಯಿನ್ ಎಂದರೆ ಊರವರ ತಲೆ ಬೋಳಿಸುವವರು, ಹಲ್ಲು ಕೀಳುವವರು, ಮದುವೆಗೆ ಡೋಲು ಬಡಿಯುವವರು. ಅಂಥವರ ಮನೆಗೆ ಊರಿನ ಉಳಿದವರು ಹೆಣ್ಣು ಕೊಡುವುದಿಲ್ಲ. ಹಮೂದ್ ಕೇಳಲು ಬಂದದ್ದು ಶೇಖ್ ನಾಜಿಯ ಮಗಳು ತಖಿಯ್ಯಾಳನ್ನು. ಅವಳು ಒಪ್ಪಿಯಾಗಿತ್ತು.

ಶೇಖ್ ಸಿಟ್ಟಾಗಲಿಲ್ಲ. ಹಮೂದ್‌ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆನ್ನೆಯಲ್ಲಿಟ್ಟು ಅಗಿಯುವ ಖಾತ್ ಸೊಪ್ಪಿನ ಎಳೆಚಿಗುರು ಕೊಟ್ಟ. ಜೊತೆಗೆ ಬಂದಿದ್ದ ಮುಥನ್ನಾ ತಾನಾಗಿಯೇ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತ.

"ನಿಮ್ಮಪ್ಪ ಹಲ್ಲು ಕೀಳ್ತಿದ್ದ, ನೀನೂ ಕೀಳ್ತೀಯ," ಎಂದ ಶೇಖ್. "ನಿನ್ನ ಕುರ್ಚಿ ಮೇಲೆ ಕೆಳಗೆ ಹೋಗತ್ತೆ, ಅಷ್ಟೇ ಅಲ್ವೇನೋ ಮಗಾ?"

"ಏಳು ವರ್ಷ ಓದಿದೀನಿ, ಕಾಕಾ."

"ಓದಿದೀಯಪ್ಪ, ಯಾರು ಇಲ್ಲ ಅಂದ್ರು? ನನಗೇನೂ ಭೇದ ಇಲ್ಲ. ತೊಂದರೆ ಇರೋದು ಡೋಲಿಂದು. ಡೋಲಿಲ್ಲದೆ ಮದುವೆ ಹೆಂಗೆ?"

"ಪಕ್ಕದೂರಿನವರನ್ನ ಕರೆಸ್ತೀನಿ."

"ಅವರೂ ನಿಮ್ಮವರೇ. ತಮ್ಮವನ ಮುಂದೆ ಡೋಲು ಬಡಿಯೋಕೆ ಅವರಿಗೇನು ಮಾನ ಇಲ್ವಾ?"

ಬಾಗಿಲ ಬಳಿಯಿಂದ ಮುಥನ್ನಾ ಕೆಮ್ಮಿದ. "ನಾನೇ ಬಡೀತೀನಿ, ಸಾಹೇಬ್ರೇ. ಮಗನ ಮದುವೆ, ನನಗೇನು ನಾಚಿಕೆ?"

"ನಿನಗಿಲ್ಲ ಮಾರಾಯ! ಬೀಗ ಡೋಲು ಬಡಿದ್ರೆ ನಾನು ತಲೆ ಎತ್ಕೊಂಡು ತಿರುಗೋದು ಬೇಡ್ವಾ?"

ಕೋಣೆಯಲ್ಲಿ ಖಾತ್ ಅಗಿಯುತ್ತ ಕೂತಿದ್ದ ಊರವರೆಲ್ಲ ಹೌದೆಂದು ತಲೆಯಾಡಿಸಿದರು. ಮುಥನ್ನಾನೂ ಆಡಿಸಿದ. ಹೀಗೆ ಯಾರದೂ ತಪ್ಪಿಲ್ಲದೆ ಸಂಬಂಧ ಮುರಿಯಿತು.

"ಬಂದಿದ್ದೀಯಲ್ಲ, ಇದೊಂಚೂರು ನೋಡು," ಎಂದು ಶೇಖ್ ಬಾಯಿ ತೆರೆದ.

ಹಮೂದ್ ಮೊಬೈಲಿನ ಬೆಳಕು ಬಿಟ್ಟು ನೋಡಿದ. ಕೆಳದವಡೆಯಲ್ಲಿ ಬೇರಿನ ತನಕ ಹುಳುಕು, ಸುತ್ತ ಕೀವು. ನೋವು ಎಷ್ಟಿರಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಕೀಳ್ಬೇಕು."

"ಕಿತ್ತುಬಿಡು ಹಂಗಾದ್ರೆ. ಕಾರಲ್ಲಿ ಸಾಮಾನು ಇರತ್ತಲ್ಲ," ಎಂದು ಶೇಖ್ ಮತ್ತೆ ಬಾಯಿ ತೆರೆದ.

"ಇದೆ." ಹಮೂದ್ ಎದ್ದು, ಅಲ್ಲಿನ ಗಂಡಸರೆಲ್ಲ ಕಟ್ಟುವಂತೆ ಸೊಂಟಕ್ಕೆ ಕಟ್ಟಿದ್ದ ಬಾಕು ಸರಿಮಾಡಿಕೊಂಡ. "ಆದ್ರೆ ಬಾಯಿ ದೊಡ್ಡ ಮನೆತನದ್ದು, ಕಾಕಾ. ನಮ್ಮಂಥವರು ಕೈ ಹಾಕಿದ್ರೆ ನೀವು ತಲೆ ಎತ್ಕೊಂಡು ತಿರುಗೋದು ಹೆಂಗೆ? ಸರಿಸಮಾನದವರನ್ನ ಹುಡುಕಿ."

ಶೇಖ್ ತೆರೆದ ಬಾಯನ್ನು ಮುಚ್ಚುವುದನ್ನೇ ಮರೆತಿದ್ದ. ಹಮೂದ್ ಅಪ್ಪನ ತೋಳು ಹಿಡಿದು ಎಬ್ಬಿಸಿ, ಕಾರಿನತ್ತ ನಡೆದ.

ಮುಥನ್ನಾ ಮಾತ್ರ ಹೊಸ್ತಿಲಲ್ಲಿ ತಿರುಗಿ ನಿಂತ.

"ಅಲ್ಲೀತನಕ ಲವಂಗ ಕಚ್ಕೊಂಡಿರಿ, ಸಾಹೇಬ್ರೇ. ಆ ಕಡೆ ಖಾತ್ ಇಟ್ಕೋಬೇಡಿ."

ಹಮೂದ್ ಕಾರಿನ ಹಾರ್ನ್ ಮೇಲೆ ಕೈ ಒತ್ತಿದವನು ತೆಗೆಯಲೇ ಇಲ್ಲ.